ಪ್ಲೇಟಿನ ವೇಗ ಮತ್ತು ಗಾಯಕಿಯ ದನಿ

ಪ್ರಿಯ ಲೇಖಕರೆ,

ಇಟಲಿಯ ಇಬ್ಬರು ಮರೆತುಹೋದ ಒಪೆರಾ ಗಾಯಕಿಯರಾದ ಜೆಮ್ಮಾ ಬೆಲ್ಲಿಂಚೋನಿ ಮತ್ತು ಚೆಲೆಸ್ತಿನಾ ಬೊನಿನ್ಸೆನ್ಯಾರ ಬದುಕನ್ನೂ ಅವರ ಮೊದಲ ಗ್ರಾಮಫೋನ್ ಪ್ಲೇಟುಗಳನ್ನೂ ಕುರಿತು ನೀವು ಕಳಿಸಿದ ಲೇಖನ ತಲುಪಿತು. ವಿಷಯ ಅಪರೂಪದ್ದು, ಭಾಷೆ ಶುದ್ಧವಾಗಿದೆ, ಹೆಸರುಗಳ ಉಚ್ಚಾರವನ್ನು ವಿಚಾರಿಸಿ ಬರೆದಿದ್ದೀರಿ. ಇಷ್ಟು ಹೇಳಿ ನೇರವಾಗಿ ನನಗೆ ಸಿಟ್ಟು ತರಿಸಿದ ಸಂಗತಿಗೆ ಬರುತ್ತೇನೆ.

ಎರಡನೆಯ ಪುಟದಲ್ಲಿ ಈ ವಾಕ್ಯವಿದೆ: ‘ಜೆಮ್ಮಾ ಬೆಲ್ಲಿಂಚೋನಿಯ ಕಂಠದಲ್ಲಿ ಜೇನು ಹನಿಯುತ್ತಿತ್ತು.’ ನಾಲ್ಕನೆಯ ಪುಟದಲ್ಲಿ ಇದು: ‘ಅಷ್ಟು ದೊಡ್ಡ ಹೆಸರಿನ ಈಕೆಯ ದನಿ ಪ್ಲೇಟಿನಲ್ಲಿ ತೆಳ್ಳಗೆ, ಬಾಲಕಿಯ ದನಿಯಂತೆ ಕೀರಲಾಗಿ, ನಡುಗುತ್ತ ಕೇಳುತ್ತದೆ, ಆ ಕಾಲದವರ ಅಭಿರುಚಿಯೇ ಹಾಗಿತ್ತೇನೋ.’ ಜೇನು ಹನಿದದ್ದನ್ನು ನೀವು ಕೇಳಿಲ್ಲ, ಯಾರೋ ಬರೆದದ್ದನ್ನು ಓದಿದ್ದೀರಿ. ಕೀರಲು ದನಿಯನ್ನು ಕೇಳಿದ್ದೀರಿ, ಆದರೆ ಅದು ಆಕೆಯದು ಹೌದೋ ಅಲ್ಲವೋ ಎಂದು ನೋಡಿಲ್ಲ. ಈ ಎರಡು ವಾಕ್ಯಗಳ ನಡುವೆ ಒಂದು ಪ್ರಶ್ನೆ ಏಳಬೇಕಿತ್ತು. ಅದರ ಜಾಗದಲ್ಲಿ ನೀವು ಒಂದು ಶತಮಾನದ ಹಿಂದಿನ ಕೇಳುಗರನ್ನೆಲ್ಲ ಒಟ್ಟಿಗೆ ಕಿವುಡರನ್ನಾಗಿಸಿ ಮುಂದೆ ಹೋಗಿದ್ದೀರಿ.

ಬೆಲ್ಲಿಂಚೋನಿ 1890ರ ಮೇ 17ರಂದು ರೋಮಿನ ಕೊಸ್ತಾಂಜಿ ರಂಗಮಂದಿರದಲ್ಲಿ, ಮಸ್ಕಾನ್ಯಿಯ ‘ಕವಲ್ಲೆರಿಯಾ ರುಸ್ತಿಕಾನಾ’ ಒಪೆರಾದ ಮೊದಲ ಪ್ರದರ್ಶನದಲ್ಲಿ ನಾಯಕಿ ಸಂತುಜ್ಜಾ ಆದವಳು. 1898ರಲ್ಲಿ ಮಿಲಾನಿನಲ್ಲಿ ಜೊರ್ದಾನೊನ ‘ಫೆದೋರಾ’ ಮೊದಲ ಬಾರಿ ರಂಗಕ್ಕೆ ಬಂದಾಗ ಶೀರ್ಷಿಕೆಯ ಪಾತ್ರ ಆಕೆಯದು, ಎದುರಿಗೆ ಇನ್ನೂ ಹೆಸರು ಮಾಡುತ್ತಿದ್ದ ಗಾಯಕ ಕರೂಸೊ. ಇದನ್ನೆಲ್ಲ ನೀವೂ ಬರೆದಿದ್ದೀರಿ. ಆದರೆ ಗ್ರಾಮಫೋನಿನವರು 1903ರಲ್ಲಿ ಆಕೆಯ ದನಿಯನ್ನು ಹಿಡಿದಾಗ ಆಕೆಗೆ ನಲವತ್ತರ ಹತ್ತಿರ ವಯಸ್ಸು. ನಲವತ್ತರ ಹೆಂಗಸು ಬಾಲಕಿಯಂತೆ ಕೇಳಿದರೆ, ಬರೆಯುವವರು ಮೊದಲು ಅನುಮಾನಿಸಬೇಕಾದದ್ದು ಯಂತ್ರವನ್ನು.

ನಿಮ್ಮ ಪುಟಗಳಲ್ಲಿ ‘78’ ಎಂಬ ಅಂಕಿ ಹನ್ನೊಂದು ಸಲ ಬಂದಿದೆ. ಎಲ್ಲ ಹಳೆಯ ಪ್ಲೇಟುಗಳೂ ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವೆಂದು ನೀವು ನಂಬಿದ್ದೀರಿ. ಆ ಲೆಕ್ಕ ಗಟ್ಟಿಯಾದದ್ದು ಬಹಳ ತಡವಾಗಿ; ಆ ಮೊದಲ ವರ್ಷಗಳಲ್ಲಿ 70ರ ಆಸುಪಾಸಿನಲ್ಲಿ ಕೊರೆದ ಪ್ಲೇಟುಗಳು ಬೇಕಾದಷ್ಟಿವೆ. 70ರಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಹಾಡು ಹಾರ್ಮೋನಿಯಂನಲ್ಲಿ ಹೆಚ್ಚುಕಡಿಮೆ ಎರಡು ಮನೆ ಮೇಲೇರುತ್ತದೆ, ಲಯ ಓಡುತ್ತದೆ, ದನಿಯ ಸಹಜ ಕಂಪನವೂ ವೇಗವಾಗಿ ನಡುಕದಂತೆ ಕೇಳುತ್ತದೆ. ನೀವು ಕಳಿಸಿದ ಕೊಂಡಿಯಲ್ಲಿದ್ದ ಸಂತುಜ್ಜಾಳ ಹಾಡನ್ನು, ‘ವೊಯಿ ಲೊ ಸಾಪೇತೆ’ಯನ್ನು, ನಾನು ಹಾರ್ಮೋನಿಯಂ ಪಕ್ಕದಲ್ಲಿಟ್ಟು ಕೇಳಿದೆ. ಅಚ್ಚಾದ ಸ್ವರಲಿಪಿಯಲ್ಲಿ ಅದು ಇ ಮೈನರ್; ಬಿಳಿ ಮೂರರಲ್ಲಿ, ಅಂದರೆ ಮೂರನೆಯ ಬಿಳಿ ಮನೆಯಲ್ಲಿ, ನಿಲ್ಲಬೇಕಾದ ಷಡ್ಜ ಎರಡು ಮನೆ ಮೇಲಿನ ಕರಿ ಮೂರಕ್ಕೆ ಏರಿತ್ತು. ಅನುಕೂಲಕ್ಕೆಂದು ಶ್ರುತಿಯನ್ನು ಇಳಿಸಿಕೊಳ್ಳುವ ಗಾಯಕಿಯರಿದ್ದರು. ಆ ವಯಸ್ಸಿನಲ್ಲಿ, ಆ ಹಾಡಿಗೆ, ಎರಡು ಮನೆ ಏರಿಸಿಕೊಂಡರೆಂದರೆ ನಾನು ನಂಬುವುದಿಲ್ಲ. ಆಕೆಯ ದನಿಯಲ್ಲಿ ಬಿರುಸಾದ ಕಂಪನವಿದ್ದದ್ದು ನಿಜ. ಅದರಲ್ಲಿ ಆಕೆಯ ಪಾಲೆಷ್ಟು, ಯಾರೋ ಪ್ಲೇಟನ್ನು ತಪ್ಪು ವೇಗದಲ್ಲಿ ತಿರುಗಿಸಿದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಿದ್ದರೆ ನಿಮ್ಮ ಲೇಖನವನ್ನು ಇದೇ ಸಂಚಿಕೆಯಲ್ಲಿ ಹಾಕುತ್ತಿದ್ದೆ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನು ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಸಂತೆಯಲ್ಲಿ ಸಿಕ್ಕ ಹಳೆಯ ಪ್ಲೇಟೊಂದನ್ನು ಕೇಳಿ, ಕಂಪನಿ ನಾಟಕದ ನಟರೊಬ್ಬರ ಬಗ್ಗೆ ಒಂದು ಲೇಖನ ಬರೆದು, ಅವರದು ‘ಹೆಣ್ಣಿನಂತಹ ತೆಳುದನಿ’ ಎಂದು ತೀರ್ಪು ಕೊಟ್ಟಿದ್ದೆ. ಅಚ್ಚಾದ ವಾರವೇ, ಅದೇ ಕಂಪನಿಯಲ್ಲಿ ಕಾಲು ಪೆಟ್ಟಿಗೆ (ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ) ನುಡಿಸುತ್ತಿದ್ದ ಹಿರಿಯರೊಬ್ಬರು ಪತ್ರಿಕೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಕಚೇರಿಗೆ ಬಂದರು. ‘ತಮ್ಮಾ, ಅವ್ರು ಕರಿ ಒಂದರಾಗ ಹಾಡಾವ್ರು. ನೀ ಕರಿ ಎರಡರಾಗ ಎಲ್ಲಿ ಕೇಳ್ದಿ?’ ಎಂದರು. ನನ್ನ ಕೋಣೆಗೆ ಬಂದು, ಗ್ರಾಮಫೋನಿಗೆ ಕೀ ಕೊಡಿಸಿ, ವೇಗದ ತಿರುಪನ್ನು ತಾವೇ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋದರು. ದನಿ ಇಳಿಯಿತು, ದಪ್ಪವಾಯಿತು, ಎದೆಯಿಂದ ಬಂದಂತಾಯಿತು. ಮುದುಕರು ಕಣ್ಣು ಮುಚ್ಚಿ ‘ಹಾಂ, ಬಂದ್ರು’ ಎಂದರು. ನಮ್ಮ ಸಂಪಾದಕರು ತಿದ್ದುಪಡಿಯ ನಾಲ್ಕು ಸಾಲನ್ನು ನನ್ನ ಕೈಯಲ್ಲೇ ಬರೆಸಿ, ನನ್ನ ಹೆಸರಿನೊಡನೆ ಅಚ್ಚು ಹಾಕಿದರು. ಇಂದಿಗೂ ಯಾರಾದರೂ ಹಳೆಯ ಪ್ಲೇಟಿನ ದನಿಯನ್ನು ‘ಕೀರಲು’ ಎಂದರೆ ನನಗೆ ಆ ತಿರುಪು ನೆನಪಾಗುತ್ತದೆ.

ಇನ್ನು ಏಳನೆಯ ಪುಟ: ‘ಚೆಲೆಸ್ತಿನಾ ಬೊನಿನ್ಸೆನ್ಯಾ ಬೆಲ್ಲಿಂಚೋನಿಗಿಂತ ದೊಡ್ಡ ಗಾಯಕಿ ಎಂಬುದಕ್ಕೆ ಪ್ಲೇಟುಗಳೇ ಸಾಕ್ಷಿ.’ ಈ ಸಾಕ್ಷಿಗೆ ಎಷ್ಟು ಕಿವಿ ಇತ್ತೆಂದು ಕೇಳಿದಿರಾ? 1925ಕ್ಕೆ ಮೊದಲು ಧ್ವನಿಮುದ್ರಣಕ್ಕೆ ಮೈಕ್ ಬಳಕೆಗೆ ಬಂದಿರಲಿಲ್ಲ. ಗಾಯಕಿ ತಗಡಿನ ತುತ್ತೂರಿಯ ಬಾಯಿಗೆ ಹಾಡಬೇಕು. ಆ ಗಾಳಿಯ ಒತ್ತಡವೇ ಪೊರೆಯನ್ನು ಅಲುಗಿಸಿ, ಮುಳ್ಳಿನಿಂದ ಮೇಣದಲ್ಲಿ ಗೆರೆ ಕೊರೆಯಬೇಕು. ಮೇಲಿನ ಸ್ವರಕ್ಕೆ ಹಿಂದೆ ಸರಿಯದಿದ್ದರೆ ಗೆರೆ ಒಡೆಯುತ್ತದೆ, ಮೆಲುದನಿಯಾದರೆ ಮೂಡುವುದೇ ಇಲ್ಲ. ಸೆಕೆಂಡಿಗೆ 2000ದಿಂದ 2500 ಕಂಪನಗಳ ಆಚೆಗಿನದು ಬಹುಮಟ್ಟಿಗೆ ಮೇಣಕ್ಕೆ ಇಳಿಯುತ್ತಲೇ ಇರಲಿಲ್ಲ, ಹೆಣ್ಣುದನಿಯ ಹೊಳಪು ಇರುವುದು ಅಲ್ಲಿಯೇ. ಹತ್ತಿಂಚಿನ ಪ್ಲೇಟಿಗೆ ಸುಮಾರು ಮೂರು ನಿಮಿಷ. ಅದರೊಳಗೆ ಮುಗಿಸಬೇಕಾದವರು ನಿಲ್ಲಬೇಕಾದಲ್ಲಿ ನಿಲ್ಲದೆ ಓಡಿದ್ದಾರೆ. 1902ರ ಏಪ್ರಿಲಿನಲ್ಲಿ ಮಿಲಾನಿನ ಹೋಟೆಲೊಂದರಲ್ಲಿ ಕರೂಸೊನಿಂದ ಹತ್ತು ಹಾಡು ಹಾಡಿಸಿದ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್, ಅದೇ ವರ್ಷದ ನವೆಂಬರಿನಲ್ಲಿ ಇಂತಹದೇ ತುತ್ತೂರಿಯನ್ನು ಕಲ್ಕತ್ತೆಗೆ ತಂದು ಗಾಯಕಿ ಗೌಹರ್ ಜಾನ್ ಅವರ ಮುಂದೆ ಇಟ್ಟ. 1930ರಲ್ಲಿ ನಮ್ಮ ಮೈಸೂರಿನಲ್ಲಿ ತೀರಿಕೊಂಡ ಆ ಗೌಹರ್ ಜಾನ್. ಆಕೆಯ ಪ್ಲೇಟಿನ ಕೊನೆಯಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂಬ ಕೂಗನ್ನು ಕೇಳಿ; ಪ್ಲೇಟುಗಳನ್ನು ಒತ್ತುತ್ತಿದ್ದ ಜರ್ಮನಿಯ ಹಾನೋವರಿನ ಕಾರ್ಖಾನೆಯವರಿಗೆ ಯಾರ ಪ್ಲೇಟೆಂದು ತಿಳಿಯಲು ಹೇಳಿದ ಮಾತದು. ತುತ್ತೂರಿಯೊಡನೆ ಮಾತಾಡಲು ಎಷ್ಟು ಗಟ್ಟಿ ಗಂಟಲು ಬೇಕಿತ್ತೆಂದು ಅದರಿಂದ ಗೊತ್ತಾಗುತ್ತದೆ.

ಬೊನಿನ್ಸೆನ್ಯಾಳ ದನಿ ಆ ತುತ್ತೂರಿಗೆ ಒಗ್ಗಿತು. ಆ ಕಾಲದ ಹೆಣ್ಣುದನಿಗಳಲ್ಲಿ ಅಷ್ಟು ತುಂಬಿಕೊಂಡು ಮೇಣಕ್ಕೆ ಇಳಿದವು ಕಡಿಮೆ. ಆದರೆ 1906ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ರಂಗಮಂದಿರಕ್ಕೆ ವೆರ್ದಿಯ ಒಪೆರಾದ ನಾಯಕಿ ಐದಾ ಆಗಿ ಬಂದಾಕೆ ಅಲ್ಲಿ ಒಂದೇ ಋತುವಿಗೆ ನಿಂತಳು; ಬೆಲ್ಲಿಂಚೋನಿಯಂತೆ ರಂಗವನ್ನು ಆಳಲಿಲ್ಲ. ಬೆಲ್ಲಿಂಚೋನಿಯ ಕಣ್ಣು, ನಡೆ, ಮಾತಿಗೂ ಹಾಡಿಗೂ ನಡುವೆ ಆಕೆ ಬಿಡುತ್ತಿದ್ದ ಮೌನ, ಯಾವುದನ್ನೂ ತುತ್ತೂರಿ ಹಿಡಿಯಲಾರದು. ಒಬ್ಬಳನ್ನು ಯಂತ್ರ ಉಳಿಸಿತು, ಇನ್ನೊಬ್ಬಳ ಅರ್ಧವನ್ನು ಹೊರಗೇ ಬಿಟ್ಟಿತು. ನಿಮ್ಮ ಲೇಖನದ ನಿಜವಾದ ಕಥೆ ಇದೇ ಆಗಿತ್ತು. ನೀವು ಅದರ ಪಕ್ಕದಲ್ಲೇ ಹಾದು ಹೋಗಿದ್ದೀರಿ.

ಹಸ್ತಪ್ರತಿಯನ್ನು ಹಿಂದಿರುಗಿಸುತ್ತಿದ್ದೇನೆ. ಬೊನಿನ್ಸೆನ್ಯಾ ಮಿಲಾನಿನಲ್ಲಿ ಸಂಗೀತಗಾರರಿಗಾಗಿ ಒಪೆರಾ ಸಂಯೋಜಕ ವೆರ್ದಿ ಕಟ್ಟಿಸಿದ ವೃದ್ಧಾಶ್ರಮದಲ್ಲಿ ಕಳೆದ ಕೊನೆಯ ದಿನಗಳ ಪುಟವನ್ನು ಮುಟ್ಟಬೇಡಿ, ಅದು ಹಾಗೆಯೇ ಇರಲಿ. ನಾಲ್ಕು ಮತ್ತು ಏಳನೆಯ ಪುಟಗಳನ್ನು, ಆ ಹಾಡನ್ನು 70ರಲ್ಲೂ 78ರಲ್ಲೂ ಒಮ್ಮೊಮ್ಮೆ ಕೇಳಿದ ಮೇಲೆ ಹೊಸದಾಗಿ ಬರೆಯಿರಿ. ಹಾರ್ಮೋನಿಯಂ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಕೇಳಿ ತನ್ನಿ.

ಇತಿ,
ಸಂಪಾದಕ