ಮುಳ್ಳಿನ ಊರಿಗೆ ಎಂಥ ಟೈರ್?

ಪ್ರಶ್ನೆ: ಅಣ್ಣಾ, ನಮಸ್ಕಾರ. ನಾನು ಹಿರಿಯೂರಿನವನು, ಹೈಸ್ಕೂಲ್ ಮೇಷ್ಟ್ರು. ವಯಸ್ಸು 41, ತೂಕ 78 ಕೆ.ಜಿ. ಹೋದ ವರ್ಷ ಆಸೆಪಟ್ಟು, ಡಾಂಬರಿಗೂ ಮಣ್ಣು ದಾರಿಗೂ ಆಗುವ ಒಂದು ಗ್ರಾವೆಲ್ ಸೈಕಲ್ ತಗೊಂಡೆ. ಭಾನುವಾರ ವಾಣಿ ವಿಲಾಸ ಸಾಗರದ ಕಡೆ ಹೊರಟರೆ ಅರ್ಧ ಡಾಂಬರು, ಅರ್ಧ ಕಾಲುವೆ ಏರಿಯ ಮಣ್ಣು ದಾರಿ, ನಡುವೆ ಹೊಲದ ಪಕ್ಕದ ಬಂಡಿ ಜಾಡು. ಸೈಕಲ್ ಜೊತೆ ಬಂದದ್ದು 700×38 ಟೈರ್, ಅಂದರೆ 38 ಮಿ.ಮೀ. ಅಗಲದ್ದು, ಒಳಗೆ ಟ್ಯೂಬ್. ಐದು ತಿಂಗಳಲ್ಲಿ 14 ಪಂಕ್ಚರ್! ‘ಸೈಕಲ್ ಹೊಡೆಯೋಕೆ ಹೋಗ್ತೀರೋ, ತಳ್ಳೋಕೆ ಹೋಗ್ತೀರೋ’ ಅಂತ ಮನೆಯವಳು ಕೇಳುತ್ತಾಳೆ. ಟ್ಯೂಬ್‌ಲೆಸ್ ಹಾಕಿಸಿದರೆ ಸರಿ ಹೋಗುತ್ತದಾ? ಎಷ್ಟು ಅಗಲದ್ದು ತಗೊಳ್ಳಲಿ? ಗ್ರಿಪ್ ದಪ್ಪ ಇದ್ದರೆ ಮುಳ್ಳು ಚುಚ್ಚಲ್ಲ ಅಂತ ಅಂಗಡಿಯವರು ಹೇಳಿದರು. ನಿಜಾನಾ?

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಜ ಅಲ್ಲ. ದಪ್ಪ ಗ್ರಿಪ್ ಟೈರನ್ನು ಕೈಯಲ್ಲಿ ಹಿಡಿದು ನೋಡಿ. ಉಬ್ಬು ಇರುವ ಕಡೆ ರಬ್ಬರ್ ದಪ್ಪ, ಸರಿ. ಆದರೆ ಎರಡು ಉಬ್ಬುಗಳ ನಡುವಿನ ಸಂದಿಯಲ್ಲಿ ಅದು ತೆಳ್ಳಗೆ ಚರ್ಮದ ಹಾಗೆ ಇರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಹುಡುಕಿಕೊಂಡು ಹೋಗುವುದೇ ಆ ಸಂದಿಯನ್ನು.

ನಮ್ಮಪ್ಪನದು ಚಳ್ಳಕೆರೆಯಲ್ಲಿ ಪಂಕ್ಚರ್ ಅಂಗಡಿ. ಟ್ಯೂಬಿಗೆ ಗಾಳಿ ಹೊಡೆದು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ನೋಡುವುದು ನನ್ನ ಕೆಲಸ. ಅಪ್ಪ ಟೈರಿನೊಳಗೆ ಬೆರಳಾಡಿಸಿ ಮುಳ್ಳು ತೆಗೆದು ನೋಡಿ, ಗಿರಾಕಿ ಯಾವ ದಾರಿಯಲ್ಲಿ ಬಂದ ಅಂತ ಹೇಳುತ್ತಿದ್ದರು. ಉದ್ದ ಮುಳ್ಳಾದರೆ ಕೆರೆ ಏರಿ, ಅದು ಜಾಲಿ. ಚಿಕ್ಕದಾಗಿ ಗಟ್ಟಿಯಾಗಿದ್ದರೆ ಹೊಲದ ಬದು, ಅದು ನೆಗ್ಗಿಲು. ಈ ನೆಗ್ಗಿಲು ಇದೆಯಲ್ಲ, ನೆಲಕ್ಕೆ ಅಂಟಿಕೊಂಡು ಹಬ್ಬುವ ಹಳದಿ ಹೂವಿನ ಬಳ್ಳಿ, ಅದರಷ್ಟು ಕಿಲಾಡಿ ಗಿಡ ಇನ್ನೊಂದಿಲ್ಲ. ಕಾಯಿ ಒಣಗಿ ಐದು ಹೋಳಾಗುತ್ತದೆ. ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ. ಅಮೆರಿಕದ ಒಣ ಸೀಮೆಯ ಸೈಕಲ್‌ನವರಿಗೂ ಇದೇ ಗಿಡದ ಕಾಟ. ನಿಮ್ಮ 14 ಪಂಕ್ಚರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಎರಡು ಗಿಡಗಳ ಲೆಕ್ಕಕ್ಕೇ ಬರೆದುಕೊಳ್ಳಿ.

ಹಾಗಾಗಿ, ಹೌದು, ನಿಮಗೆ ಟ್ಯೂಬ್‌ಲೆಸ್ಸೇ ಸರಿ. ಮುಳ್ಳು ಅದಕ್ಕೂ ಚುಚ್ಚುತ್ತದೆ. ಆದರೆ ಒಳಗೆ ಹಾಕಿರುವ ಸೀಲೆಂಟ್ ಅನ್ನುವ ದ್ರವ ಅಲ್ಲೇ ತೂತು ಮುಚ್ಚುತ್ತದೆ. ಎಕ್ಕದ ಎಲೆ ಕಿತ್ತಾಗ ಹಾಲು ಒಸರಿ ಬಾಯಿ ಕಟ್ಟಿಕೊಳ್ಳುತ್ತದಲ್ಲ, ಹೆಚ್ಚು ಕಡಿಮೆ ಅದೇ ಕೆಲಸ. ಮಾಮೂಲಿ ಸೀಲೆಂಟಿನಲ್ಲಿ ಇರುವುದೂ ರಬ್ಬರ್ ಹಾಲೇ. ನಾನು ಮೊದಲ ಸಲ ಟ್ಯೂಬ್‌ಲೆಸ್ ಹಾಕಿಸಿ ಏಳು ತಿಂಗಳು ಓಡಿಸಿದ ಮೇಲೆ ಹಿಂದಿನ ಟೈರ್ ಬಿಚ್ಚಿ ಒಳಮೈ ತಿರುಗಿಸಿ ನೋಡಿದೆ. 23 ಮುಳ್ಳು! ಪ್ರತಿ ಮುಳ್ಳಿನ ತುದಿಗೂ ಸಬ್ಬಕ್ಕಿ ಕಾಳಿನಷ್ಟು ರಬ್ಬರ್ ಗಟ್ಟಿಯಾಗಿ ಕೂತಿತ್ತು. ಅಷ್ಟೂ ದಿನ ನನಗೆ ಒಂದೂ ಗೊತ್ತಾಗಿರಲಿಲ್ಲ.

ಇನ್ನು ಅಗಲ. ಸೈಕಲ್ ಫ್ರೇಮ್ ಬಿಟ್ಟರೆ 43ಕ್ಕೆ ಹೋಗಿ, ಇಲ್ಲದಿದ್ದರೆ 40. ಬಿಡುತ್ತದಾ ಅಂತ ನೋಡುವುದು ಸುಲಭ. ಈಗಿನ ಟೈರಿಗೂ ಹಿಂದಿನ ಫ್ರೇಮಿನ ಎರಡು ಕಾಲುಗಳಿಗೂ ನಡುವೆ ಅಲೆನ್ ಕೀ ತೂರಿಸಿ. ಹೊಸ ಟೈರ್ ಬಂದ ಮೇಲೂ ಎರಡೂ ಕಡೆ 5 ಮಿ.ಮೀ. ಕೀ ಆರಾಮಾಗಿ ಹೋಗಬೇಕು. ನಿಮಗೆ ಎರೆಮಣ್ಣಿನ ಹೊಲವೂ ಸಿಗುತ್ತದೆ ಅಂದುಕೊಳ್ಳುತ್ತೇನೆ. ಮಳೆ ಬಿದ್ದ ಮರುದಿನ ಅಲ್ಲಿ ಹೋದರೆ ಎಷ್ಟು ಸಂದಿ ಇದ್ದರೂ ಸಾಲದು, ಚಕ್ರವೇ ತಿರುಗುವುದಿಲ್ಲ. ಆಗ ಡಾಂಬರಿನಲ್ಲೇ ಹೋಗಿ. ಒಂದು ಮಾತು: ಟೈರ್ ಮೇಲೆ ಬರೆದ ಅಗಲವೇ ಬೇರೆ, ರಿಮ್ಮಿಗೆ ಕೂತ ಮೇಲಿನ ಅಗಲವೇ ಬೇರೆ. ಒಳಗಲ 25 ಮಿ.ಮೀ. ಇರುವ ರಿಮ್ಮಿನಲ್ಲಿ ನನ್ನ 40ರ ಟೈರ್ ಅಳೆದರೆ 42 ಬರುತ್ತದೆ.

ಅಗಲಕ್ಕೆ ಯಾಕೆ ಇಷ್ಟು ಒತ್ತು ಅಂದರೆ, ಅಗಲ ಇದ್ದರೆ ಗಾಳಿ ಕಡಿಮೆ ಹಾಕಬಹುದು. ಗಾಳಿ ಕಡಿಮೆ ಇದ್ದರೆ ಟೈರ್ ಕಲ್ಲಿನ ಮೇಲೆ ನೆಗೆಯುವ ಬದಲು ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ. ಟ್ಯೂಬ್ ಇದ್ದಾಗ ಹಾಗೆ ಮಾಡಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತು ಬೀಳುತ್ತವೆ. ಟ್ಯೂಬ್‌ಲೆಸ್‌ನಲ್ಲಿ ಆ ಕಾಟ ಇಲ್ಲ. ನಿಮ್ಮ ತೂಕಕ್ಕೆ, 40ರ ಟೈರಿಗೆ, ಮುಂದೆ 33, ಹಿಂದೆ 36 ಪಿಎಸ್‌ಐನಿಂದ ಶುರು ಮಾಡಿ. ಕಲ್ಲಿಗೆ ರಿಮ್ ‘ಟಕ್’ ಅಂತ ತಾಗಿದರೆ ಎರಡು ಏರಿಸಿ. ಡಾಂಬರೇ ಜಾಸ್ತಿ ಇರುವ ದಿನ 40 ಪಿಎಸ್‌ಐ ಹಾಕಿ. ಹೆಬ್ಬೆರಳಲ್ಲಿ ಒತ್ತಿ ನೋಡುವ ಅಭ್ಯಾಸ ನಮಗೆಲ್ಲ ಇದೆ, ಆದರೆ 33ಕ್ಕೂ 40ಕ್ಕೂ ವ್ಯತ್ಯಾಸ ಬೆರಳಿಗೆ ಗೊತ್ತಾಗುವುದಿಲ್ಲ. ಗೇಜ್ ಇರುವ ಪಂಪ್ ತಗೊಳ್ಳಿ. ಟೈರಿಗೆ ಹಾಕುವ ದುಡ್ಡಿಗಿಂತ ಇದಕ್ಕೆ ಹಾಕುವ ದುಡ್ಡು ಮುಖ್ಯ ಅಂತಲೇ ನನ್ನ ಲೆಕ್ಕ.

ಗ್ರಿಪ್ ವಿಷಯಕ್ಕೆ ಜನ ಗಂಟೆಗಟ್ಟಲೆ ಜಗಳ ಆಡುತ್ತಾರೆ. ನಿಮ್ಮ ದಾರಿ ಒಣ ದಾರಿ, ಅರ್ಧ ಡಾಂಬರು. ನಡುವೆ ನುಣ್ಣಗೆ ಅಥವಾ ಸಣ್ಣ ಉಬ್ಬು, ಅಂಚಿನಲ್ಲಿ ಸ್ವಲ್ಪ ದಪ್ಪ ಉಬ್ಬು ಇರುವುದು ಸಾಕು. ಪ್ಯಾನರೇಸರ್ ಕಂಪನಿಯ ಗ್ರಾವೆಲ್‌ಕಿಂಗ್ ಟೈರಿನಲ್ಲಿ ಎಸ್‌ಎಸ್ ಅಂತ ಬರುವುದು ಈ ಜಾತಿಯದು. ಅದರಲ್ಲೇ ಎಸ್‌ಕೆ ಅಂದರೆ ಪೂರ್ತಿ ಸಣ್ಣ ಚೌಕ ಚೌಕ ಉಬ್ಬು. ಶ್ವಾಲ್ಬೆ ಜಿ-ಒನ್ ಆಲ್‌ರೌಂಡ್‌ನಲ್ಲಿ ಚುಕ್ಕಿ ಇಟ್ಟ ಹಾಗಿನ ಉಬ್ಬು. ಇವುಗಳಲ್ಲಿ ಯಾವುದು ಸಿಕ್ಕಿದರೂ ತಲೆ ಕೆಡಿಸಿಕೊಳ್ಳಬೇಡಿ.

ಆದರೆ ಟೈರಿನ ಪಕ್ಕೆಯ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಿ. ನಮ್ಮ ದುರ್ಗದ ಸೀಮೆಯಲ್ಲಿ ಟೈರನ್ನು ಪೂರ್ತಿ ಕೊಲ್ಲುವುದು ಮುಳ್ಳಲ್ಲ, ಬೆಣಚುಕಲ್ಲು. ಗಾಳಿ ಫ್ಯಾನ್ ನಿಂತಿರುವ ಗುಡ್ಡಗಳ ದಾರಿಯಲ್ಲಿ ಬಿಳಿ ಚೂರು ಬಿದ್ದಿರುತ್ತವಲ್ಲ, ಒಡೆದ ಗಾಜಿಗೆ ಸಮ. ಅಮೆರಿಕದ ಕ್ಯಾನ್ಸಸ್‌ನ ಎಂಪೋರಿಯಾದಲ್ಲಿ 2006ರಿಂದ ನಡೆಯುವ ದೊಡ್ಡ ಗ್ರಾವೆಲ್ ರೇಸಿಗೆ ಈಗ ಅನ್‌ಬೌಂಡ್ ಅಂತ ಹೆಸರು. ಅಲ್ಲಿನ ದಾರಿಯಲ್ಲೂ ಚಕಮಕಿ ಕಲ್ಲಿನ ಚೂರು. ಅದಕ್ಕೇ ಅಲ್ಲಿ ಪಕ್ಕೆ ಹರಿದು ರೇಸ್ ಕಳೆದುಕೊಂಡವರು ಬೇಕಾದಷ್ಟು ಜನ. ಟೈರ್ ಕೊಳ್ಳುವಾಗ ಒಂದೇ ಮಾದರಿಯಲ್ಲಿ ಹಗುರದ್ದು, ಪಕ್ಕೆ ಗಟ್ಟಿ ಇರುವುದು ಅಂತ ಎರಡು ಬಂದರೆ ಗಟ್ಟಿಯದನ್ನೇ ತಗೊಳ್ಳಿ. ತೂಕ ಸ್ವಲ್ಪ ಜಾಸ್ತಿ ಆಗುತ್ತದೆ. ಆಗಲಿ ಬಿಡಿ, ನಾವೇನು ರೇಸ್ ಗೆಲ್ಲಬೇಕಾ?

ಹಾಕಿಸುವ ಮೊದಲು ರಿಮ್ ನೋಡಿಸಿ. ಅದೂ ಟ್ಯೂಬ್‌ಲೆಸ್‌ಗೆ ಅಂತ ಮಾಡಿದ್ದೇ ಆಗಿರಬೇಕು. ಕಡ್ಡಿ ತೂತುಗಳ ಮೇಲೆ ಗಾಳಿ ಬಿಡದ ಟೇಪ್ ಅಂಟಿಸಬೇಕು, ಅದು ರಿಮ್ಮಿನ ಒಳಗಲಕ್ಕಿಂತ ಎರಡು ಮೂರು ಮಿ.ಮೀ. ಜಾಸ್ತಿ ಇರಬೇಕು. ನನಗೆ ಮೊದಲು ಹಾಕಿಕೊಟ್ಟ ಪುಣ್ಯಾತ್ಮ ವೈರಿಗೆ ಸುತ್ತುವ ಕರಿ ಟೇಪ್ ಸುತ್ತಿದ್ದ. ಮೂರನೇ ದಿನ ಬಿಸಿಲಲ್ಲಿ ಅದು ಜಾರಿ, ಕಡ್ಡಿ ತೂತುಗಳಿಂದ ಸೀಲೆಂಟ್ ಸೋರಿ ಅಂಗಳದಲ್ಲಿ ಹಾಲು ಚೆಲ್ಲಿದ ಹಾಗಾಗಿತ್ತು. ಬೆಕ್ಕು ಬಂದು ಮೂಸಿ ಹೋಯಿತು.

ಟೈರ್ ಕೂರಿಸಲು ಅಂಚಿಗೆ ಸೋಪಿನ ನೀರು ಹಚ್ಚಿ, ವಾಲ್ವಿನ ತುದಿಯ ಪುಟ್ಟ ನಟ್ ಸಡಿಲಿಸಿ, ಒಂದೇ ಸಲ ಜೋರಾಗಿ ಗಾಳಿ ಬಿಡಬೇಕು. ಬೈಕ್ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು. ಆದರೆ ನಿಮ್ಮದು ತೆಳ್ಳಗಿನ ಪ್ರೆಸ್ಟಾ ವಾಲ್ವ್, ಅದಕ್ಕೆ ಪುಟ್ಟ ಹಿತ್ತಾಳೆ ಅಡಾಪ್ಟರ್ ಜೇಬಲ್ಲಿ ಇರಲಿ. ‘ಟಪ್, ಟಪ್’ ಅಂತ ಎರಡು ಸದ್ದು ಬಂದರೆ ಎರಡೂ ಅಂಚು ಕೂತವು ಅಂತ. ಅಂಗಡಿ ಹುಡುಗ ಬೈಕಿನ ಅಭ್ಯಾಸದಲ್ಲಿ ಒತ್ತುತ್ತಾ ಹೋಗುತ್ತಾನೆ, ಗೇಜ್ ಮೇಲೆ ಕಣ್ಣಿಡಿ. ನಿಮ್ಮ ರಿಮ್ ಹುಕ್‌ಲೆಸ್ (ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ್ದು) ಆಗಿದ್ದರೆ 5 ಬಾರ್, ಅಂದರೆ 72.5 ಪಿಎಸ್‌ಐ ದಾಟಲೇಬಾರದು. ಟೈರ್ ಮೇಲೆ ಅದಕ್ಕಿಂತ ಕಡಿಮೆ ಬರೆದಿದ್ದರೆ ಆ ಲೆಕ್ಕವೇ ಕೊನೆ.

ಸೀಲೆಂಟ್ ಒಂದೊಂದು ಟೈರಿಗೆ 60 ಮಿ.ಲೀ. ಅಂತ ಹೇಳುತ್ತಾರೆ. ನಮ್ಮ ಬಿಸಿಲಿಗೆ ನಾನು 80 ಹಾಕುತ್ತೇನೆ. ಮತ್ತೆ ಎರಡು ತಿಂಗಳಿಗೊಮ್ಮೆ ಚಕ್ರ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸುತ್ತೇನೆ, ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ. ಗಳಗಳ ಅಂದರೆ ಸರಿ. ಇಷ್ಟು ಮಾಡಲು ಬೇಜಾರು ಅನ್ನುವವರು ಟ್ಯೂಬ್‌ಲೆಸ್ ಸಹವಾಸಕ್ಕೇ ಬರಬಾರದು. ಇದನ್ನು ಅನುಭವಿಸಿ ಹೇಳುತ್ತಿದ್ದೇನೆ, ಕೇಳಿ.

ಒಂದು ಏಪ್ರಿಲ್‌ನಲ್ಲಿ ಅಲ್ಲಾಡಿಸಿ ನೋಡುವುದನ್ನು ಮರೆತು ಗುಡ್ಡ ಹತ್ತಿದೆ. ಇಳಿಯುವಾಗ ಬೆಣಚುಕಲ್ಲು ಹಿಂದಿನ ಪಕ್ಕೆ ಸೀಳಿತು. ಒಂದು ಹನಿ ಸೀಲೆಂಟ್ ಹೊರಗೆ ಬರಲಿಲ್ಲ. ಬಿಚ್ಚಿ ನೋಡಿದರೆ ಒಳಗೆಲ್ಲ ಒಣಗಿ ಸಿಪ್ಪೆ ಎದ್ದಿತ್ತು. ಹೋಗಲಿ, ಬ್ಯಾಗಲ್ಲಿ ಟ್ಯೂಬ್ ಇದೆಯಲ್ಲ ಅಂತ ಸೀಳಿದ ಕಡೆ ಒಳಗಿನಿಂದ ಹತ್ತು ರೂಪಾಯಿ ನೋಟು ಮಡಿಸಿಟ್ಟು, ಟ್ಯೂಬ್ ಹಾಕಿ, ಗಾಳಿ ಹೊಡೆದೆ. ನೂರು ಮೀಟರ್ ಹೋಗಿರಲಿಲ್ಲ, ಪುಸ್! ಆಮೇಲೆ ಹೊಳೆಯಿತು. ಟೈರಿನೊಳಗೆ ಎಷ್ಟೋ ತಿಂಗಳಿಂದ ಸುಮ್ನೆ ಕೂತಿದ್ದ ಮುಳ್ಳುಗಳಿಗೆ ನಾನೇ ಹೊಸ ಟ್ಯೂಬ್ ತಂದು ಬಡಿಸಿದ್ದೆ. ಪಂಕ್ಚರ್ ಅಂಗಡಿಯವನ ಮಗ ನಾನು. ಒಳಗೆ ಬೆರಳಾಡಿಸದೆ ಟ್ಯೂಬ್ ಹಾಕಿದ್ದಕ್ಕೆ ಒಂಬತ್ತು ಕಿಲೋಮೀಟರ್ ತಳ್ಳಿದೆ.

ಹಾಗಾಗಿ ನಿಮ್ಮ ಚೀಲದಲ್ಲಿ ಒಂದು ಟ್ಯೂಬ್, ಪುಟ್ಟ ಇಕ್ಕಳ, ಪಂಪ್, ಸೈಕಲ್‌ಗೇ ಅಂತ ಬರುವ ತೆಳು ಪ್ಲಗ್ ಇರಲಿ. ಬೈಕ್ ಟೈರಿಗೆ ಹಾಕುವ ದಪ್ಪ ಬತ್ತಿಯನ್ನು ತೂರಿಸಬೇಡಿ, ಸೈಕಲ್ ಟೈರಿನ ಸಣ್ಣ ತೂತನ್ನು ಅದೇ ದೊಡ್ಡದು ಮಾಡುತ್ತದೆ. ದಾರಿಯಲ್ಲಿ ಮುಳ್ಳು ಕಂಡರೆ ಕಿತ್ತು, ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಅರೆ ನಿಮಿಷ ನಿಲ್ಲಿಸಿ, ಹಾಲು ಅಲ್ಲಿಗೆ ಇಳಿಯುತ್ತದೆ. ಮೊಳೆ ಕಂಡರೆ ಮಾತ್ರ ಪ್ಲಗ್ ಕೈಯಲ್ಲಿ ಹಿಡಿದ ಮೇಲೇ ಕೀಳಿ. ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಪ್ರಶ್ನೆ ಅವರದೇ ಚೆನ್ನಾಗಿತ್ತು.

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ. ಕಾಫಿ ತೋಟದ ದಾರಿಗಳಲ್ಲಿ ಓಡಿಸುತ್ತೇನೆ. ನಡುವೆ ನುಣ್ಣಗಿರುವ 40ರ ಟ್ಯೂಬ್‌ಲೆಸ್ ಇದೆ. ಬೇಸಿಗೆಯಲ್ಲಿ ಸೊಗಸು, ಜೂನ್ ಬಂತೆಂದರೆ ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ. 45ಕ್ಕೆ ಹೋಗಲಾ?

ಉತ್ತರ: ಬೇಡ ಮೇಡಂ. ಮೇಲೆ ಮೇಷ್ಟ್ರಿಗೆ ಹೇಳಿದ್ದನ್ನು ನೀವು ಉಲ್ಟಾ ಓದಿಕೊಳ್ಳಬೇಕು. ನಿಮಗೆ ಅಗಲ ಅಲ್ಲ, ಉಬ್ಬು ಬೇಕು. ಅದೂ ದೂರ ದೂರ ಇರುವ ಉಬ್ಬು. ಹತ್ತಿರ ಹತ್ತಿರ ಇದ್ದರೆ ಸಂದಿಯಲ್ಲಿ ಕೆಸರು ಮೆತ್ತಿ ಮತ್ತೆ ನುಣ್ಣಗಿನ ಟೈರೇ ಆಗುತ್ತದೆ. 40ರಲ್ಲೇ ಇರಿ, ಫ್ರೇಮಿನ ಸಂದಿಯಲ್ಲಿ ಕೆಸರು ಬೀಳಲು ಜಾಗ ಬೇಕಲ್ಲ. ಗಾಳಿ ಎರಡು ಮೂರು ಪಿಎಸ್‌ಐ ಇಳಿಸಿ. ಮಳೆಗಾಲಕ್ಕೆ ಒಂದು ಜೊತೆ, ಬೇಸಿಗೆಗೆ ಒಂದು ಜೊತೆ ಇಟ್ಟುಕೊಂಡರೆ ಎರಡೂ ಜಾಸ್ತಿ ದಿನ ಬರುತ್ತವೆ. ಪಾಚಿ ಕಟ್ಟಿದ ಸಿಮೆಂಟ್ ಇಳಿಜಾರಿಗೆ ಮಾತ್ರ ಯಾವ ಟೈರೂ ಇಲ್ಲ, ಅಲ್ಲಿ ಇಳಿದು ನಡೆಯಿರಿ.

ಪ್ರಶ್ನೆ: ನನ್ನದು ಅಪ್ಪನ ಕಾಲದ 28 ಇಂಚಿನ ಸೈಕಲ್. ಮಗ ಆನ್‌ಲೈನ್‌ನಲ್ಲಿ 28×1.50 ಅಂತ ಬರೆದ ಗ್ರಾವೆಲ್ ಟೈರ್ ತರಿಸಿದ್ದಾನೆ. ಎಷ್ಟು ಎಳೆದರೂ ರಿಮ್ಮಿಗೆ ಹತ್ತುತ್ತಿಲ್ಲ. — ಸಿಂಧನೂರು

ಉತ್ತರ: ಯಜಮಾನ್ರೇ, ಎಳೆಯುವುದು ನಿಲ್ಲಿಸಿ, ಲಿವರ್ ಮುರಿದೀತು! ಎರಡೂ 28 ಅಂತಲೇ ಕರೆಸಿಕೊಳ್ಳುತ್ತವೆ, ಆದರೆ ಬೇರೆ ಬೇರೆ. ಹಳೆ ಸೈಕಲ್ ಟೈರಿನ ಪಕ್ಕೆಯಲ್ಲಿ ಸಣ್ಣ ಅಕ್ಷರದಲ್ಲಿ 40-635 ಅಂತ ಇರುತ್ತದೆ. ಮಗ ತರಿಸಿದ್ದರಲ್ಲಿ 40-622 ಅಂತ ಇರುತ್ತದೆ. ಆ ಎರಡನೇ ಸಂಖ್ಯೆ ಟೈರಿನ ಅಂಚು ಕೂರುವ ಕಡೆ ರಿಮ್ಮಿನ ಅಡ್ಡಳತೆ, ಮಿ.ಮೀ.ನಲ್ಲಿ. 13 ಮಿ.ಮೀ. ಚಿಕ್ಕ ಟೈರ್ ಹೇಗೆ ಹತ್ತೀತು? 700 ಅಂತ ಬರೆದದ್ದೂ, 29 ಇಂಚಿನ ಮೌಂಟನ್ ಬೈಕಿನದೂ 622. ಅಂಥ ಸೈಕಲ್ ಮನೆಯಲ್ಲಿದ್ದರೆ, ಫ್ರೇಮಿನಲ್ಲಿ ಜಾಗವಿದ್ದರೆ, ಅದಕ್ಕೆ ಹಾಕಿ.

ಹಳೆ ರಿಮ್ಮಿಗೆ ಟ್ಯೂಬ್‌ಲೆಸ್ ಆಸೆ ಬೇಡ, ಅಂಚನ್ನು ಹಿಡಿದುಕೊಳ್ಳುವ ಏರ್ಪಾಡೇ ಅದರಲ್ಲಿಲ್ಲ. ಮುಳ್ಳಿನ ಕಾಟ ಜಾಸ್ತಿ ಇದ್ದರೆ ನಮ್ಮಪ್ಪ ಮಾಡುತ್ತಿದ್ದದ್ದು ಮಾಡಿ. ಸವೆದ ಟ್ಯೂಬ್ ಒಂದನ್ನು ಉದ್ದಕ್ಕೆ ಸೀಳಿ, ವಾಲ್ವಿನ ಜಾಗ ಕತ್ತರಿಸಿ, ಪಟ್ಟಿಯ ಹಾಗೆ ಟೈರಿನೊಳಗೆ ಹಾಸಿ. ಮಡಿಕೆ ಬೀಳಬಾರದು. ಅದರ ಮೇಲೆ ಒಳ್ಳೆ ಟ್ಯೂಬ್ ಕೂರಿಸಿ. ಹಾಸುವ ಮೊದಲು ಟೈರಿನೊಳಗೆ ಒಂದು ಸುತ್ತು ಬೆರಳಾಡಿಸಿ, ನಿಧಾನಕ್ಕೆ.