ಎಲ್ಲರೂ ಇದ್ದಾರೆ, ನನಗೇ ಏನೂ ಅನ್ನಿಸಲ್ಲ

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಇವರು ಮಂಡ್ಯ ಕಡೆಯ ರೈತ ಕುಟುಂಬದವರು. ವಯಸ್ಸು 37. ಮೈಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಹೆಂಡತಿಯೇ ಬಲವಂತ ಮಾಡಿ ಕರೆತಂದಿದ್ದರು. ಮನೆಯಲ್ಲಿ ಗಲಾಟೆ ಏನಾದ್ರೂ ಇದೆಯಾ ಅಂತ ಕೇಳಿದೆ. "ಇಲ್ಲ ಮೇಡಂ. ಜಗಳ ಆಡಿದ್ರೂ ಪರವಾಗಿರಲಿಲ್ಲ" ಅಂದರು ಆಕೆ. ಗಂಡ ತುಂಬ ಹೊತ್ತು ಸುಮ್ಮನಿದ್ದು, "ಎಲ್ರೂ ಚೆನ್ನಾಗೇ ನೋಡ್ಕೋತಾರೆ. ನಂಗೇ ಏನೂ ಅನ್ನಿಸಲ್ಲ" ಅಂದರು.

ಇತ್ತೀಚೆಗೆ ಅಕ್ಕನ ಮಗನ ಬೀಗರೂಟ ಇತ್ತಂತೆ. ಮೊದಲೆಲ್ಲಾ ಲುಂಗಿ ಎತ್ತಿ ಕಟ್ಟಿ, ಕೊನೆಯ ಪಂಕ್ತಿವರೆಗೂ ಬಡಿಸುತ್ತಿದ್ದವರು ಇವರೇ. ಈ ಸಲ ಊಟ ಮಾಡಿದರು, ನಗುವವರ ಜೊತೆ ನಕ್ಕರು, ಆಮೇಲೆ ಹೋಗಿ ಕಾರಲ್ಲಿ ಕೂತರು. ಗಾಜು ಏರಿಸಿಕೊಂಡು, ಹೆಂಡತಿ ಮಕ್ಕಳು ಬರುವವರೆಗೂ ಅಲ್ಲೇ ಇದ್ದರು. ಫೋನು ಕೂಡ ನೋಡಲಿಲ್ಲವಂತೆ.

ಹೀಗೆ ಶುರುವಾಗಿ ವರ್ಷದ ಮೇಲಾಗಿತ್ತು. ಅದಕ್ಕೂ ಮುಂಚೆ ಅಪ್ಪ ತೀರಿಕೊಂಡಿದ್ದರು. ಆಸ್ಪತ್ರೆ ಬಿಲ್ಲು, ಮಣ್ಣು, ತಿಥಿ, ಸಾಲದವರ ಲೆಕ್ಕ, ಎಲ್ಲಾ ಹಿರಿಮಗನ ತಲೆ ಮೇಲೆ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಊರಿನವರು "ಗಟ್ಟಿ ಗಂಡು ಕಣಪ್ಪ" ಅಂತ ಬೆನ್ನು ತಟ್ಟಿದರು. ಆ ಹೊಗಳಿಕೆ ಎಷ್ಟು ಭಾರ ಅಂತ ಹೊಗಳಿದವರಿಗೆ ಗೊತ್ತಿರುವುದಿಲ್ಲ. ನೋವನ್ನು ತಡೆದು ತಡೆದು ಅಭ್ಯಾಸವಾದರೆ, ಅದರ ಜೊತೆ ಸಂತೋಷವೂ ಪ್ರೀತಿಯೂ ನಿಂತುಹೋಗುವುದುಂಟು.

ಎಲ್ಲರೂ ಇವರಿಗೆ ಕೊಟ್ಟಿದ್ದ ಸಲಹೆ ಒಂದೇ: ನಾಲ್ಕು ಜನರ ಜೊತೆ ಬೆರಿ, ಸರಿಹೋಗ್ತದೆ. ನಾನು ಅದನ್ನು ಹೇಳಲಿಲ್ಲ. ಒಂಟಿತನದಲ್ಲಿ ಜನ ಬೇಕು ಅನ್ನಿಸುತ್ತದೆ, ಸಿಗುವುದಿಲ್ಲ. ಇವರಿಗೆ ಜನ ಸುತ್ತಲೂ ಇದ್ದರು, ಬೇಕು ಅನ್ನಿಸುವುದೇ ನಿಂತಿತ್ತು. ಇಂಥವರನ್ನು ಗುಂಪಿಗೆ ತಳ್ಳಿದರೆ ನಟನೆ ಜಾಸ್ತಿಯಾಗುತ್ತದೆ, ಸುಸ್ತು ಜಾಸ್ತಿಯಾಗುತ್ತದೆ.

ಖಿನ್ನತೆ ಅಂದರೆ ಅಳುತ್ತಾ ಕೂರುವುದು ಅಂದುಕೊಂಡಿರುತ್ತೇವೆ. ಖಿನ್ನತೆ ಗುರುತಿಸಲು ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಕಳೆದ 2 ವಾರಗಳ ಬಗ್ಗೆ ಕೇಳುತ್ತದೆ. ಅದರ ಮೊದಲ ಪ್ರಶ್ನೆಯೇ ಆಸಕ್ತಿ ಹೋಗಿದೆಯಾ ಅನ್ನುವುದು, ಬೇಜಾರಿನ ಪ್ರಶ್ನೆ ಆಮೇಲೆ. ಒಂಬತ್ತನೆಯದು ಸಾವಿನ ಯೋಚನೆಯ ಬಗ್ಗೆ. ಅದನ್ನು ನಾನು ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವ ಭಯ ಸುಳ್ಳು. ಇವರಿಗೆ ಅಂಥ ಯೋಚನೆ ಇರಲಿಲ್ಲ. ಆದರೆ ನೈಟ್ ಶಿಫ್ಟ್ ಮುಗಿಸಿ ಬಂದ ಮೇಲೆ ನಿದ್ದೆಗಾಗಿ ಕುಡಿಯುವುದು ಶುರುವಾಗಿತ್ತು.

ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ಥೈರಾಯ್ಡ್ ಹಾರ್ಮೋನು, ಬಿ12 ವಿಟಮಿನ್ ಕಮ್ಮಿಯಿದ್ದರೂ ಮನಸ್ಸು ಹೀಗೆ ಮಂಕಾಗಬಹುದು, ಅದಕ್ಕೆ ರಕ್ತಪರೀಕ್ಷೆಯೂ ಆಯಿತು. ಡಾಕ್ಟರು ಮಾತ್ರೆ ಶುರುಮಾಡಿದರು. ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು, ನಡುವೆ ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ ಅಂದೆ. ಕುಡಿತ ಆ ಕ್ಷಣಕ್ಕೆ ನಿದ್ದೆ ತಂದರೂ ಖಿನ್ನತೆಯನ್ನು ಹೆಚ್ಚಿಸುತ್ತದೆ ಅನ್ನುವುದನ್ನೂ ಬಿಡಿಸಿ ಹೇಳಿದೆ.

ಮಿಕ್ಕ ಸಲಹೆ ಚಿಕ್ಕದು. ಮನಸ್ಸು ಬಂದ ಮೇಲೆ ಮಾಡ್ತೀನಿ ಅಂತ ಕಾಯಬೇಡಿ, ಮಾಡ್ತಾ ಮಾಡ್ತಾ ಮನಸ್ಸು ಬರುತ್ತದೆ. ವಿಸಿ (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಬಿಟ್ಟಾಗ, ರಜೆ ಇದ್ದರೆ ತಮ್ಮನ ಜೊತೆ ಗದ್ದೆಗೆ ಹೋಗಿ. ಮಾತಾಡಲೇಬೇಕು ಅಂತಿಲ್ಲ, ಬದು ಕಡಿದು ನೀರು ಕಟ್ಟಿ ಬನ್ನಿ. ಸ್ನೇಹಿತರಲ್ಲಿ ಒಬ್ಬರಿಗೆ ಮಾತ್ರ ನಿಜ ಹೇಳಿ. ಏನಂತ ಹೇಳಲಿ ಅಂದರು. "ನಾನು ಸರಿ ಇಲ್ಲ ಕಣೋ. ಸುಮ್ನೆ ಬಂದು ಜೊತೆಗೆ ಕೂತ್ಕೋ" ಅಂತ ಇಬ್ಬರೂ ಸೇರಿ ವಾಕ್ಯ ಮಾಡಿಕೊಂಡೆವು. ಹೆಂಡತಿಗೆ "ಯಾಕೆ ಹೀಗಿದ್ದೀರಿ" ಅನ್ನುವ ಪ್ರಶ್ನೆ ಸದ್ಯಕ್ಕೆ ಬಿಡಿ ಅಂದೆ. ಅದಕ್ಕೆ ಅವರ ಹತ್ತಿರ ಉತ್ತರ ಇಲ್ಲ, ಕೇಳಿದಷ್ಟೂ ಅಪರಾಧಿ ಭಾವ ಬೆಳೆಯುತ್ತದೆ.

ಮೊದಲು ವಾಪಸ್ ಬಂದದ್ದು ಪ್ರೀತಿಯಲ್ಲ, ಸಿಟ್ಟು. ಅಪ್ಪನ ಹಳೇ ಟವೆಲನ್ನು ಯಾರೋ ನೆಲ ಒರೆಸಲು ತೆಗೆದುಕೊಂಡರು ಅಂತ ಮನೆಯಲ್ಲಿ ಕೂಗಾಡಿದರಂತೆ. ಆಮೇಲೆ ಬಚ್ಚಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತರು. ಹೆಂಡತಿ ಗಾಬರಿಯಾಗಿ ಫೋನ್ ಮಾಡಿದರು. ಇದು ಹದಗೆಟ್ಟ ಲಕ್ಷಣವಲ್ಲ, ಇಷ್ಟು ದಿನ ತಡೆದಿದ್ದು ಹೊರಗೆ ಬರ್ತಿದೆ, ಪಕ್ಕದಲ್ಲಿ ಇರಿ ಸಾಕು ಅಂದೆ. ರಾತ್ರಿ ಹೊತ್ತು ಭಯವಾದರೆ ಇರಲಿ ಅಂತ ಟೆಲಿ ಮಾನಸ್ ನಂಬರ್ 14416 ಬರೆಸಿದೆ. ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, 24 ಗಂಟೆಯೂ ಇರುತ್ತದೆ.

ಇನ್ನೂ ಪೂರ್ತಿ ಸರಿಹೋಗಿಲ್ಲ. ಮಾತ್ರೆ ನಡೆಯುತ್ತಿದೆ, ಕುಡಿತ ಕಮ್ಮಿಯಾಗಿದೆ. ಅಪ್ಪನ ಬಗ್ಗೆ ತಮ್ಮನೂ ಮಾತೇ ಆಡುವುದಿಲ್ಲವಂತೆ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.