ಧಾರೆ ಸೀರೆಯಲ್ಲಿ ನಾನೇ ಕಾಣಲ್ಲ!

ಪ್ರಶ್ನೆ: ನನ್ನ ಎತ್ತರ 4 ಅಡಿ 10 ಇಂಚು, ಹುಡುಗ 5 ಅಡಿ 11. ಮುಂದಿನ ತಿಂಗಳು ಮದುವೆ. ಅತ್ತೆಯಾಗುವವರು ಧಾರೆಗೆ ದೊಡ್ಡ ಅಂಚಿನ ಕಂಚಿ ಸೀರೆ ತಂದಿದ್ದಾರೆ. ಉಟ್ಟರೆ ಸೀರೆಯೇ ಕಾಣುತ್ತೆ, ನಾನು ಕಾಣಲ್ಲ. ಚಿಕ್ಕಮ್ಮ 5 ಇಂಚಿನ ಹೀಲ್ಸ್ ತಗೋ ಅಂತಿದ್ದಾರೆ. ಸೀರೆ ಬೇಡ ಅಂದರೆ ಅತ್ತೆಗೆ ಬೇಜಾರಾಗಲ್ವಾ?
– ಓದುಗಿ, ದಾವಣಗೆರೆ

ಉತ್ತರ: ಹೀಲ್ಸ್ ವಿಷಯ ಮೊದಲು ಮುಗಿಸೋಣ. ಮಂಟಪಕ್ಕೆ ಚಪ್ಪಲಿ ಹಾಕಿಕೊಂಡು ಹತ್ತೋ ಹಾಗಿಲ್ಲ. ಧಾರೆ ಹೊತ್ತಿಗೆ ಅದರಿಂದ ಒಂದು ಇಂಚೂ ಸಿಗಲ್ಲ. ಆರತಕ್ಷತೆಗೆ ಬೇಕಾದರೆ 2 ಇಂಚಿನದ್ದು ಸಾಕು. ಗಂಟೆಗಟ್ಟಲೆ ನಿಂತು ನಗಬೇಕಲ್ವಾ? ಆದರೆ ಅದನ್ನು ಹಾಕಿಕೊಂಡ ಮೇಲೆಯೇ ಸೀರೆ ಉಡಿ, ಇಲ್ಲದಿದ್ದರೆ ಪಾದ ಕಾಣುತ್ತೆ.

ಈಗ ಸೀರೆ. ಸೀರೆಯ ಅಗಲ ಸಾಮಾನ್ಯವಾಗಿ 45-46 ಇಂಚು. ನಿಮ್ಮ ಸೊಂಟದಿಂದ ನೆಲಕ್ಕೆ ಟೇಪ್ ಹಿಡಿದು ನೋಡಿ, 36ರ ಆಸುಪಾಸು ಇರಬಹುದು. ಮಿಕ್ಕ ಹತ್ತು ಇಂಚು ಎಲ್ಲಿ ಹೋಗುತ್ತೆ? ಸೊಂಟದೊಳಗೆ. ಅದೂ ನೆರಿಗೆ ಇರುವ ಜಾಗದಲ್ಲಿ, ಪದರದ ಮೇಲೆ ಪದರ. ಹೊಟ್ಟೆ ಮುಂದೆ ಕಾಣುವ ಆ ಉಬ್ಬು ನಿಮ್ಮದಲ್ಲ, ರೇಷ್ಮೆಯದು.

ಅದಕ್ಕೆ ಸೆರಗಿನ ಭಾಗ ಬಿಟ್ಟು, ಮೇಲಂಚನ್ನು ಮೊದಲೇ ಒಳಕ್ಕೆ ಮಡಚಿ ಇಸ್ತ್ರಿ ಮಾಡಿಸಿ. ಸೀರೆ ಉಡಿಸುವವರಿಗೆ ‘ಪ್ರೀ ಪ್ಲೀಟಿಂಗ್’ ಅಂದರೆ ಗೊತ್ತಾಗುತ್ತೆ. ಮುಂದೆ ಐದಾರು ನೆರಿಗೆ ಸಾಕು. ಉಳಿದ ಬಟ್ಟೆಯನ್ನು ಸೆರಗಿಗೆ ಬಿಡಿ, ಮಂಡಿಯ ಹಿಂದಿನವರೆಗೆ ಇಳಿಯಲಿ. ಭುಜದ ಮೇಲೆ ಅಂಚನ್ನು ಪೂರ್ತಿ ಹರಡಬೇಡಿ. ಅರ್ಧಕ್ಕೆ ಮಡಚಿ ನಾಲ್ಕು ಬೆರಳಗಲ ಮಾಡಿ ಪಿನ್ ಹಾಕಿ. ನೋಡುವವರ ಕಣ್ಣು ಮೇಲಿಂದ ಕೆಳಕ್ಕೆ ಒಂದೇ ಗೆರೆಯಲ್ಲಿ ಇಳಿಯುತ್ತೆ. ಬ್ಲೌಸ್ ಸೀರೆಯ ಬಣ್ಣದ್ದೇ ಆದರೆ ಇನ್ನೂ ಒಳ್ಳೆಯದು. ಅಗಲವಾದ ಡಾಬು ಮಾತ್ರ ಬೇಡ, ಮೈಯನ್ನು ಸರಿಯಾಗಿ ಎರಡು ತುಂಡು ಮಾಡಿಬಿಡುತ್ತೆ. ಎಳೆಯಂಥದ್ದು ಸಾಕು.

ಕೆಳಗಿನ ಅಂಚಿಗೆ ಮಾತ್ರ ಉಪಾಯ ಇಲ್ಲ. ಅದು 8 ಇಂಚಿದ್ದರೆ ನಿಮ್ಮ 36ರಲ್ಲಿ ಹತ್ತಿರಹತ್ತಿರ ಕಾಲು ಭಾಗ ಅದೇ ತಿನ್ನುತ್ತೆ. ಆದರೆ ಧಾರೆಯಲ್ಲಿ ಬಹಳ ಹೊತ್ತು ಹಸೆಮಣೆ ಮೇಲೆ ಕೂತಿರುತ್ತೀರಿ. ಕೂತಾಗ ಎತ್ತರದ ವ್ಯತ್ಯಾಸ ಅಷ್ಟು ಗೊತ್ತಾಗಲ್ಲ, ಅಂಚು ಮಡಿಲ ಸುತ್ತ ಚೆನ್ನಾಗಿಯೇ ಕಾಣುತ್ತೆ. ಹಾಗಾಗಿ ಅತ್ತೆ ಕೊಟ್ಟ ಸೀರೆ ಧಾರೆಗಿರಲಿ.

ಆರತಕ್ಷತೆಗೆ ನಿಮ್ಮ ಇಷ್ಟ. ನನ್ನನ್ನು ಕೇಳಿದರೆ ಸಣ್ಣ ಜರಿ ಅಂಚಿನ ಮೈಸೂರು ಸಿಲ್ಕ್. ಹುರಿ ಹಾಕಿದ ನೂಲಿನ ಕ್ರೇಪ್ ಅದು, ಕಂಚಿಯ ಹಾಗೆ ಉಬ್ಬಿ ನಿಲ್ಲದೆ ಮೈಗೆ ಒಗ್ಗಿ ಇಳಿಯುತ್ತೆ. ಅತ್ತೆಗೆ ಹೀಗೆ ಹೇಳಿ ನೋಡಿ: “ಅತ್ತೆ, ಧಾರೆಗೆ ನೀವು ಕೊಟ್ಟಿದ್ದೇ ಉಡ್ತೀನಿ. ಸಂಜೆಗೊಂದು ಹಗುರವಾದ್ದು ನೋಡೋಣ, ನೀವೂ ಅಂಗಡಿಗೆ ಬನ್ನಿ.” ಕರೆದರೆ ಬೇಜಾರು ಯಾಕೆ ಮಾಡಿಕೊಳ್ತಾರೆ?

ಫೋಟೋದವರಿಗೂ ಒಂದು ಮಾತು ಹೇಳಿಡಿ. ನಿಂತ ಚಿತ್ರ ತೆಗೆಯುವಾಗ ಕ್ಯಾಮೆರಾ ನಿಮ್ಮ ಸೊಂಟದ ಮಟ್ಟಕ್ಕಿರಲಿ. ಮೇಲಿಂದ ತೆಗೆದರೆ ಯಾರಾದರೂ ಗಿಡ್ಡ ಕಾಣ್ತಾರೆ. ಹಾರ ಹಾಕುವಾಗ ಗಂಡಿನ ಕಡೆಯವರು ಅವನನ್ನು ಎತ್ತಿ ಹಿಡಿದು ಆಟ ಆಡಿಸಬಹುದು. ನಿಮ್ಮ ಸೋದರಮಾವನಿಗೆ ಈಗಲೇ ಹೇಳಿಬಿಡಿ, ರೆಡಿಯಾಗಿರಲಿ.